ವೈದ್ಯವಿದ್ಯಾಪೀಠದ ಮುದ್ರೆ: ಸಂಕೇತ ಮತ್ತು ಸಂಕಲ್ಪ

ಘಟಿಕೋತ್ಸವದಲ್ಲಿ ಪದವೀಧರನ ಕೈಸೇರುವ ಪ್ರಮಾಣಪತ್ರದಲ್ಲಿ ಮುಖ್ಯವಾಗಿ ಮೂರು ಅಂಗಗಳಿರುತ್ತವೆ: ಹೆಸರು, ಸಹಿ ಮತ್ತು ಮುದ್ರೆ. ಹೆಸರು ಪದವಿ ಪಡೆದವನದು, ಸಹಿ ಆ ಹೊತ್ತಿನಲ್ಲಿ ಅಧಿಕಾರದಲ್ಲಿದ್ದವರದು, ಮುದ್ರೆ ಸಂಸ್ಥೆಯದು. ಸಹಿ ಮಾಡಿದವರು ನಿವೃತ್ತರಾಗುತ್ತಾರೆ, ಪದವಿ ಪಡೆದವನು ಮುಪ್ಪಿಗೆ ಸಲ್ಲುತ್ತಾನೆ, ಮುದ್ರೆ ಉಳಿಯುತ್ತದೆ. ವಿಶ್ವವಿದ್ಯಾಲಯಗಳನ್ನು ಸ್ಥಾಪಿಸುವ ಕಾಯಿದೆಗಳಲ್ಲಿ ‘ಶಾಶ್ವತ ಉತ್ತರಾಧಿಕಾರ ಮತ್ತು ಸಾಮಾನ್ಯ ಮೊಹರು’ ಎಂಬ ಎರಡು ಮಾತುಗಳು ಜೊತೆಜೊತೆಯಾಗಿ ಬರುವುದು ಈ ಕಾರಣದಿಂದಲೇ. ವ್ಯಕ್ತಿಗಳು ಬದಲಾದರೂ ಸಂಸ್ಥೆ ಕೊಟ್ಟ ಮಾತು ಬದಲಾಗುವುದಿಲ್ಲ ಎಂಬುದಕ್ಕೆ ಮೊಹರೇ ಸಾಕ್ಷಿ. ಮಠಗಳ ಪರಂಪರೆಯನ್ನು ಬಲ್ಲವರಿಗೆ ಈ ಭಾವನೆ ಹೊಸದಲ್ಲ. ಪೀಠವನ್ನು ಅಲಂಕರಿಸಿದ ಗುರುಗಳು ಒಬ್ಬರ ಹಿಂದೊಬ್ಬರು ಲಿಂಗೈಕ್ಯರಾದರೂ ಪೀಠ ಕೈಗೊಂಡ ಸಂಕಲ್ಪ ಮುಂದುವರಿಯುತ್ತದೆ.

ವೈದ್ಯವಿದ್ಯೆಯ ಮುದ್ರೆಗೆ ಇನ್ನೊಂದು ವಿಶೇಷವಿದೆ. ಇತರ ವಿದ್ಯೆಗಳ ಮುದ್ರೆಯನ್ನು ಪರೀಕ್ಷಿಸಿ ನೋಡುವವರು ಉದ್ಯೋಗ ನೀಡುವವರು. ವೈದ್ಯನ ಮುದ್ರೆಯನ್ನು ನೋಡದೆಯೇ, ಓದದೆಯೇ, ಕೇವಲ ನಂಬಿ ತನ್ನ ಶರೀರವನ್ನು ಒಪ್ಪಿಸುವವನು ರೋಗಿ. ಜಾಂಬೋಟಿಯ ಸುತ್ತಣ ಕಾಡಂಚಿನ ಹಳ್ಳಿಯಿಂದ ಬೆಳಗಾವಿಯ ಆಸ್ಪತ್ರೆಗೆ ಹೊತ್ತು ತಂದ ರೋಗಿಯ ಬಂಧುಗಳು ಗೋಡೆಯ ಮೇಲಿನ ಲಾಂಛನದ ಅರ್ಥವನ್ನು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಆದುದರಿಂದ ಅದರ ಅರ್ಥವನ್ನು ಅರಿತಿರಬೇಕಾದ ಹೊಣೆ, ಅದನ್ನು ಧರಿಸಿದವರ ಮೇಲೂ ಅದಕ್ಕಾಗಿ ದಾನ ನೀಡಿದವರ ಮೇಲೂ ಬೀಳುತ್ತದೆ. ಧಾರ್ಮಿಕ ಹಿನ್ನೆಲೆಯ ವೈದ್ಯವಿದ್ಯಾಪೀಠಗಳ ಮುದ್ರೆಯಲ್ಲಿ ಯಾವ ಸಂಕೇತಗಳು ಬರುತ್ತವೆ, ಅವು ಎಲ್ಲಿಂದ ಬಂದವು, ಶರಣಪರಂಪರೆಯಲ್ಲಿ ಅವುಗಳನ್ನು ಹೇಗೆ ಅರ್ಥೈಸಬಹುದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ತಾಮ್ರಪಟದಿಂದ ವಚನಾಂಕಿತದವರೆಗೆ

ಮುದ್ರೆ ಒತ್ತುವ ಪದ್ಧತಿ ಪಾಶ್ಚಾತ್ಯ ವಿಶ್ವವಿದ್ಯಾಲಯಗಳಿಂದ ಬಂದುದೆಂದು ಭಾವಿಸುವವರುಂಟು. ಈ ಮಾತು ಅರ್ಧಸತ್ಯ. ಜಾಂಬೋಟಿ ಇರುವ ಖಾನಾಪುರ ತಾಲ್ಲೂಕಿನಲ್ಲಿಯೇ ಹಲಸಿ ಎಂಬ ಗ್ರಾಮವಿದೆ. ಪ್ರಾಚೀನ ಶಾಸನಗಳಲ್ಲಿ ಪಲಾಶಿಕಾ ಎಂದು ಹೆಸರಾದ ಈ ಊರು ಕದಂಬರ ಒಂದು ರಾಜಧಾನಿಯಾಗಿತ್ತು. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ಅತ್ಯಂತ ಹಳೆಯದು 5ನೆಯ ಶತಮಾನದ ಕಾಕುಸ್ಥವರ್ಮನದು. ತನ್ನ ಪ್ರಾಣವನ್ನು ಕಾಪಾಡಿದ ಶ್ರುತಕೀರ್ತಿ ಎಂಬ ಸೇನಾಪತಿಗೆ ಅರಸನು ಭೂಮಿಯನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿ ದಾಖಲಾಗಿದೆ. ಇಂಥ ತಾಮ್ರದ ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ಬೆಸುಗೆಯ ಮೇಲೆ ರಾಜಮುದ್ರೆಯನ್ನು ಅಚ್ಚೊತ್ತುವುದು ಆ ಕಾಲದ ವಾಡಿಕೆ. ಮುದ್ರೆ ಇದ್ದರೆ ದತ್ತಿ ನಿಜ. ಮುದ್ರೆ ಒಡೆದರೆ ದತ್ತಿ ಸಂದೇಹಾಸ್ಪದ. ಒಂದು ಜೀವವನ್ನು ಉಳಿಸಿದ ಉಪಕಾರದ ಸ್ಮರಣೆಗೆ ಮುದ್ರೆ ಒತ್ತಿದ ಈ ಹಳೆಯ ನಿದರ್ಶನವು ಇದೇ ತಾಲ್ಲೂಕಿನ ನೆಲದಿಂದ ಹೊರಬಂದುದು ಗಮನಾರ್ಹವಾಗಿದೆ.

ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ಗೋವೆಯ ಕದಂಬರಿಗೆ ಸಿಂಹ ಲಾಂಛನವಾಗಿದ್ದವು. ಇವೆಲ್ಲ ಅರಸೊತ್ತಿಗೆಯ ಬಲವನ್ನು ಸಾರುವ ಮುದ್ರೆಗಳು. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಮುದ್ರೆಯ ಅರ್ಥವನ್ನೇ ಬೇರೆ ಮಾಡಿದರು. ವಚನದ ಕೊನೆಗೆ ಬರುವ ಅಂಕಿತಕ್ಕೆ ಮುದ್ರಿಕೆ ಎಂಬ ಹೆಸರೂ ಇದೆ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ. ತಾನು ಆಡಿದ ಮಾತಿಗೆ ತನ್ನ ಇಷ್ಟದೈವವನ್ನೇ ಸಾಕ್ಷಿಯಾಗಿ ನಿಲ್ಲಿಸುವ ಕ್ರಮ ಇದು. ಅಂಕಿತವಿಟ್ಟ ಮೇಲೆ ಮಾತಿನಿಂದ ಹಿಂದೆ ಸರಿಯುವಂತಿಲ್ಲ. ದೋಣಿ ನಡೆಸುವ ಕಾಯಕದ ಚೌಡಯ್ಯನವರಂತೂ ‘ಅಂಬಿಗರ ಚೌಡಯ್ಯ’ ಎಂಬ ತಮ್ಮ ಕಾಯಕಸಹಿತವಾದ ಹೆಸರನ್ನೇ ಅಂಕಿತವಾಗಿ ಬಳಸಿದರು. ಅರಸನ ಸಿಂಹ, ವರಾಹಗಳ ಜಾಗದಲ್ಲಿ ದುಡಿಯುವವನ ಹೆಸರೇ ಮುದ್ರೆಯಾದ ಆ ಘಟ್ಟ ಕನ್ನಡ ಸಂಸ್ಕೃತಿಯ ಚರಿತ್ರೆಯಲ್ಲಿ ಬಹು ದೊಡ್ಡದು.

ಜಾಂಬೋಟಿಯ ಜನರಿಗೆ ಈ ಅಂಕಿತಗಳಲ್ಲಿ ಒಂದರ ಸಂಬಂಧ ನೀರಿನ ಮೂಲಕವೇ ಇದೆ. ಚೋರ್ಲಾ ಘಟ್ಟದ ದಾರಿಯಲ್ಲಿ ಜಾಂಬೋಟಿಯಿಂದ ಮುಂದಕ್ಕಿರುವ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಸುಮಾರು 300 ಕಿಲೋಮೀಟರು ಹರಿದು ಕೃಷ್ಣೆಯನ್ನು ಸೇರುವ ಸ್ಥಳವೇ ಕೂಡಲಸಂಗಮ. ಅದೇ ಸಂಗಮದ ದೈವ ಬಸವಣ್ಣನವರ ವಚನಗಳ ಮುದ್ರೆಯಾಯಿತು. ಕಲ್ಯಾಣಕ್ರಾಂತಿಯ ಅನಂತರ ಶರಣರು ಉಳವಿಯತ್ತ ನಡೆದಾಗ ಇದೇ ಸೀಮೆಯನ್ನು ಹಾದುಹೋದರೆಂಬುದು ಪರಂಪರೆಯ ನಂಬಿಕೆ. ಡೋಹರ ಕಕ್ಕಯ್ಯನವರ ಸ್ಮಾರಕವಿರುವ ಕಕ್ಕೇರಿ ಇದೇ ಖಾನಾಪುರ ತಾಲ್ಲೂಕಿನಲ್ಲಿದೆ. ಆದುದರಿಂದ ಅಂಕಿತವೆಂದರೇನು ಎಂಬುದನ್ನು ಈ ಭಾಗದವರು ದೂರದ ದೇಶದಿಂದ ಕಲಿಯಬೇಕಾಗಿಲ್ಲ.

ದಂಡ ಮತ್ತು ಸರ್ಪ

ವೈದ್ಯವಿದ್ಯೆಯ ಲಾಂಛನಗಳಲ್ಲಿ ಜಗತ್ತಿನಾದ್ಯಂತ ಹೆಚ್ಚಾಗಿ ಕಾಣುವುದು ಕೋಲನ್ನು ಸುತ್ತಿದ ಹಾವಿನ ಚಿತ್ರ. ಇದರ ಮೂಲ ಪ್ರಾಚೀನ ಗ್ರೀಸ್ ದೇಶದ ವೈದ್ಯದೇವತೆ ಅಸ್ಕ್ಲೀಪಿಯಸ್. ಅವನ ಕೈಯಲ್ಲಿ ಒಂದು ಒರಟು ಕೋಲು; ಅದಕ್ಕೆ ಸುತ್ತಿಕೊಂಡ ಒಂದೇ ಒಂದು ಹಾವು. ಎಪಿಡಾರಸ್ ಎಂಬಲ್ಲಿದ್ದ ಅವನ ದೇವಾಲಯಕ್ಕೆ ರೋಗಿಗಳು ಬಂದು ರಾತ್ರಿ ಮಲಗುತ್ತಿದ್ದರು; ಅಂಥ ಆಲಯಗಳಲ್ಲಿ ವಿಷವಿಲ್ಲದ ಹಾವುಗಳನ್ನು ಸಾಕುತ್ತಿದ್ದರು. ಹಾವು ಪೊರೆ ಬಿಟ್ಟು ಹೊಸದಾಗುವುದರಿಂದ ಅದು ಆರೋಗ್ಯದ ಮರುಹುಟ್ಟಿನ ಸಂಕೇತವಾಯಿತು. ಕೋಲು ಊರಿಂದೂರಿಗೆ ನಡೆದು ಹೋಗುವ ವೈದ್ಯನ ಆಸರೆಯ ಸಂಕೇತವಾಯಿತು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಲಾಂಛನವಾಗಿ ಸ್ವೀಕರಿಸಿದ್ದು ಈ ಒಂದು ಹಾವಿನ ದಂಡವನ್ನೇ.

ಇದನ್ನು ಹೋಲುವ ಇನ್ನೊಂದು ಚಿಹ್ನೆ ಇದೆ. ಅದರಲ್ಲಿ ಹಾವುಗಳು ಎರಡು. ದಂಡದ ತುದಿಗೆ ರೆಕ್ಕೆಗಳೂ ಉಂಟು. ಇದು ಹರ್ಮಿಸ್ ಎಂಬ ದೇವತೆಯ ದಂಡ. ಅವನು ದೇವದೂತ, ಪಯಣಿಗರಿಗೂ ವರ್ತಕರಿಗೂ ಅಧಿದೇವತೆ. ವೈದ್ಯಕ್ಕೂ ಅವನಿಗೂ ನೇರ ಸಂಬಂಧವಿಲ್ಲ. 1902ರಲ್ಲಿ ಅಮೆರಿಕದ ಸೈನ್ಯದ ವೈದ್ಯದಳವು ಈ ಚಿಹ್ನೆಯನ್ನು ಸ್ವೀಕರಿಸಿದ ಮೇಲೆ ಅದರ ಬಳಕೆ ಹರಡಿತು. ಭಾರತದಲ್ಲಿಯೂ ಎಷ್ಟೋ ಔಷಧಾಲಯಗಳ ಫಲಕಗಳ ಮೇಲೆ, ವೈದ್ಯರ ವಾಹನಗಳ ಮೇಲೆ ಎರಡು ಹಾವಿನ ಚಿಹ್ನೆಯೇ ಕಾಣುತ್ತದೆ. ಸೇವೆಯ ದಂಡವನ್ನು ಹಿಡಿಯಬೇಕಾದವರು ಅರಿಯದೆ ವ್ಯಾಪಾರದ ದಂಡವನ್ನು ಹಿಡಿದಿದ್ದಾರೆ ಎಂದು ಬಲ್ಲವರು ಇದನ್ನು ಕುರಿತು ಹೇಳುವುದುಂಟು. ಮುದ್ರೆಯ ಅರ್ಥವನ್ನು ಅರಿಯದೆ ಧರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ದೃಷ್ಟಾಂತ.

ದಂಡ-ಸರ್ಪದ ಮೂಲದ ಬಗ್ಗೆ ಇನ್ನೊಂದು ಊಹೆಯನ್ನು ಕೆಲವು ವಿದ್ವಾಂಸರು ಮುಂದಿಟ್ಟಿದ್ದಾರೆ. ಅದು ಉತ್ತರ ಕರ್ನಾಟಕದ ಹಿರಿಯರಿಗೆ ಕೂಡಲೇ ಅರ್ಥವಾಗುವಂಥದು. ಮೆಟ್ಟಿಲುಬಾವಿಯ ನೀರು ಕುಡಿದವರ ಕಾಲಿನಲ್ಲಿ ಏಳುತ್ತಿದ್ದ ನಾರುಹುಣ್ಣನ್ನು ಹಿಂದಿನವರು ಬಲ್ಲರು. ಹುಣ್ಣಿನಿಂದ ತಲೆ ಹೊರಹಾಕಿದ ಉದ್ದನೆಯ ಹುಳುವನ್ನು ಸಣ್ಣ ಕಡ್ಡಿಗೆ ಸುತ್ತಿ, ತುಂಡಾಗದಂತೆ ದಿನಕ್ಕಿಷ್ಟಿಷ್ಟೇ ಹೊರಗೆಳೆಯುವುದೇ ಅದಕ್ಕೆ ಇದ್ದ ಚಿಕಿತ್ಸೆ. ಕಡ್ಡಿಗೆ ಸುತ್ತಿದ ಆ ಹುಳುವೇ ವೈದ್ಯಚಿಹ್ನೆಯ ಮೂಲರೂಪವಾಗಿರಬಹುದು ಎಂಬುದು ಆ ಊಹೆ. ಅದು ನಿಜವಿರಲಿ ಇಲ್ಲದಿರಲಿ, ನಾರುಹುಣ್ಣಿನ ಕಥೆ ಮಾತ್ರ ಬೋಧಪ್ರದ. ಬಾವಿಗಳ ಮೆಟ್ಟಿಲು ಮುಚ್ಚಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿ, ಕೊಳವೆಬಾವಿಗಳನ್ನು ತೋಡಿಸಿದುದರ ಫಲವಾಗಿ 1996ರ ಅನಂತರ ಭಾರತದಲ್ಲಿ ಈ ರೋಗ ಕಾಣಿಸಿಕೊಳ್ಳಲಿಲ್ಲ. 2000ದಲ್ಲಿ ದೇಶವು ನಾರುಹುಣ್ಣಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಕೋಲಿಗೆ ಸುತ್ತಿದ ಹುಳುವನ್ನು ತಾಳ್ಮೆಯಿಂದ ಎಳೆದ ಹಳ್ಳಿಯ ವೈದ್ಯನೂ ನೀರನ್ನು ಶುದ್ಧಿಗೊಳಿಸಿದ ಆರೋಗ್ಯ ಕಾರ್ಯಕರ್ತನೂ ಒಂದೇ ಮುದ್ರೆಯ ಎರಡು ಮುಖಗಳು.

ಧರ್ಮಚಿಹ್ನೆಯ ಬಲ ಮತ್ತು ಇಕ್ಕಟ್ಟು

ಧರ್ಮಸಂಸ್ಥೆಯೊಂದು ವೈದ್ಯವಿದ್ಯಾಲಯವನ್ನು ಸ್ಥಾಪಿಸಿದಾಗ ಅದರ ಮುದ್ರೆಯಲ್ಲಿ ಸಹಜವಾಗಿಯೇ ಧರ್ಮದ ನುಡಿಯೂ ಕುರುಹೂ ಬಂದು ಸೇರುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಡ್ವೆಂಟಿಸ್ಟ್ ಪಂಥದವರು 1905ರಲ್ಲಿ ಆರಂಭಿಸಿದ ಲೋಮ ಲಿಂಡ ಸಂಸ್ಥೆಯ ಧ್ಯೇಯವು ಮನುಷ್ಯನನ್ನು ಸಮಗ್ರನನ್ನಾಗಿ ಮಾಡುವುದು ಎಂಬರ್ಥದ್ದು. ದೇಹ, ಮನಸ್ಸು, ಆತ್ಮ ಮೂರನ್ನೂ ಬೇರ್ಪಡಿಸದೆ ನೋಡಬೇಕೆಂಬುದು ಅದರ ತಾತ್ಪರ್ಯ. 1900ರಲ್ಲಿ ಡಾ. ಐಡಾ ಸ್ಕಡರ್ ಅವರು ಒಂದೇ ಹಾಸಿಗೆಯಿಂದ ಆರಂಭಿಸಿದ ವೆಲ್ಲೂರಿನ ಕ್ರೈಸ್ತ ವೈದ್ಯಸಂಸ್ಥೆಯ ಧ್ಯೇಯವಾಕ್ಯವು ಸೇವೆ ಪಡೆಯುವುದಕ್ಕಲ್ಲ, ಸೇವೆ ಸಲ್ಲಿಸುವುದಕ್ಕೆ ಬಂದೆವೆಂಬ ಭಾವವನ್ನು ಬೈಬಲಿನಿಂದ ತೆಗೆದುಕೊಂಡಿದೆ. 1956ರಲ್ಲಿ ಸರಕಾರವೇ ದಿಲ್ಲಿಯಲ್ಲಿ ಸ್ಥಾಪಿಸಿದ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಕೂಡ ತನ್ನ ಧ್ಯೇಯವಾಕ್ಯವನ್ನು ಕಾಳಿದಾಸನ ‘ಕುಮಾರಸಂಭವ’ದಿಂದ ಆಯ್ದುಕೊಂಡಿತು. ಕಠೋರ ತಪಸ್ಸಿನಿಂದ ಶರೀರವನ್ನು ದಂಡಿಸುತ್ತಿದ್ದ ಪಾರ್ವತಿಗೆ, ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು ಆಡುವ ಮಾತು ಅದು: ಧರ್ಮಸಾಧನೆಗೆ ಶರೀರವೇ ಮೊದಲ ಉಪಕರಣವೆಂಬುದು ಅದರ ಭಾವ.

ಧರ್ಮದ ಕುರುಹು ಮುದ್ರೆಗೆ ಬಲವನ್ನು ಕೊಡುವಂತೆ ಇಕ್ಕಟ್ಟನ್ನೂ ಒಡ್ಡುತ್ತದೆ. ರೆಡ್ ಕ್ರಾಸ್ ಚಿಹ್ನೆಯ ಚರಿತ್ರೆ ಇದನ್ನು ಸ್ಪಷ್ಟಪಡಿಸುತ್ತದೆ. 1864ರ ಜಿನೀವಾ ಒಪ್ಪಂದದಲ್ಲಿ ಸ್ವೀಕೃತವಾದ ಈ ಚಿಹ್ನೆ ಸ್ವಿಟ್ಜರ್ಲೆಂಡಿನ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿದ ರೂಪದ್ದು. ಆದರೂ ನೋಡಿದವರಿಗೆ ಅದು ಶಿಲುಬೆಯಾಗಿಯೇ ಕಂಡಿತು. 1876ರ ಯುದ್ಧಕಾಲದಲ್ಲಿ ತುರ್ಕಿಯ ಆಟೋಮನ್ ಸರಕಾರವು ಅದರ ಬದಲಿಗೆ ಕೆಂಪು ಅರ್ಧಚಂದ್ರವನ್ನು ಬಳಸಿತು. ಕೊನೆಗೆ 2005ರಲ್ಲಿ ಯಾವ ಧರ್ಮದ ಛಾಯೆಯೂ ಇಲ್ಲದ ಕೆಂಪು ಸ್ಫಟಿಕದ ಚಿಹ್ನೆಯನ್ನು ಸೇರಿಸಬೇಕಾಯಿತು. ಭಾರತದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯಿದೆಯಂತೆ ಅನುಮತಿಯಿಲ್ಲದೆ ರೆಡ್ ಕ್ರಾಸ್ ಚಿಹ್ನೆಯನ್ನು ಬಳಸುವುದು ಅಪರಾಧ. ವೈದ್ಯರಿಗೂ ಔಷಧದ ಅಂಗಡಿಗಳಿಗೂ ಇದರಲ್ಲಿ ವಿನಾಯಿತಿ ಇಲ್ಲ. ಯುದ್ಧಭೂಮಿಯಲ್ಲಿ ಗಾಯಾಳುವಿಗೆ ರಕ್ಷೆಯಾಗಿ ನಿಲ್ಲಬೇಕಾದ ಕುರುಹು ಬೀದಿಬೀದಿಯ ಜಾಹೀರಾತಾದರೆ ಅದರ ರಕ್ಷಣೆಯ ಬಲ ಕುಂದುತ್ತದೆ ಎಂಬುದೇ ಈ ನಿರ್ಬಂಧದ ಕಾರಣ.

ಇತ್ತೀಚಿನ ವರ್ಷಗಳಲ್ಲಿ ಭಾರತದಲ್ಲಿಯೂ ಇಂಥದೇ ಚರ್ಚೆ ನಡೆಯಿತು. ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನದಲ್ಲಿ 2020ರಲ್ಲಿ ಅಸ್ತಿತ್ವಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಲಾಂಛನದಲ್ಲಿ ಧನ್ವಂತರಿಯ ವರ್ಣಚಿತ್ರ 2023ರಲ್ಲಿ ಕಾಣಿಸಿಕೊಂಡಾಗ ವೈದ್ಯಸಂಘಟನೆಗಳಿಂದ ಆಕ್ಷೇಪಣೆ ಕೇಳಿಬಂತು. ಧನ್ವಂತರಿ ಸಮುದ್ರಮಥನದಲ್ಲಿ ಅಮೃತಕಲಶವನ್ನು ಹಿಡಿದು ಬಂದ, ಆಯುರ್ವೇದದ ಅಧಿದೇವತೆ ಎಂದು ಕೆಲವರು ಅದನ್ನು ಗೌರವದಿಂದ ಕಂಡರು. ಎಲ್ಲ ಮತದ ರೋಗಿಗಳಿಗೂ ಸೇರಿದ ಸಂಸ್ಥೆಗೆ ಒಂದು ಮತದ ದೇವತಾಚಿತ್ರ ಸಲ್ಲದೆಂದು ಕೆಲವರು ವಾದಿಸಿದರು. ಈ ವಾದವಿವಾದದಲ್ಲಿ ಯಾರ ಪಕ್ಷವನ್ನು ವಹಿಸಿದರೂ ಒಂದು ಮಾತನ್ನು ಒಪ್ಪಲೇಬೇಕಾಗುತ್ತದೆ. ಮುದ್ರೆಯ ಅರ್ಥವನ್ನು ನಿರ್ಧರಿಸುವವರಲ್ಲಿ ಅದನ್ನು ರಚಿಸಿದವರು ಮಾತ್ರವಲ್ಲದೆ ಅದರ ಕೆಳಗೆ ಆಸರೆ ಬೇಡಿ ನಿಂತವರೂ ಇದ್ದಾರೆ.

ವಚನ ಸಂಪಾದಕರು ಕಟ್ಟಿದ ಸಂಸ್ಥೆಗಳು

ಉತ್ತರ ಕರ್ನಾಟಕದ ಲಿಂಗಾಯತ ವೈದ್ಯವಿದ್ಯಾಪೀಠಗಳ ಮೂಲವನ್ನು ಅರಸುತ್ತ ಹೋದರೆ ಒಂದು ವಿಶೇಷ ಸಂಗತಿ ಎದುರಾಗುತ್ತದೆ. 1916ರ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು. ಅದರ ಮುದ್ರೆಯಲ್ಲಿ ರಾಜವಂಶದ ಗಂಡಭೇರುಂಡ ಬಂದು ನೆಲೆಸಿತು. ಅದೇ ವರ್ಷದ ನವೆಂಬರ್ 13ರಂದು, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿತು. ಇದಕ್ಕೆ ಅರಸರ ಬೆಂಬಲವಿರಲಿಲ್ಲ. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ಎಚ್. ಎಫ್. ಕಟ್ಟೀಮನಿ, ವಿ. ವಿ. ಪಾಟೀಲ ಎಂಬ ಏಳು ಮಂದಿ ತಮ್ಮ ಬಾಳನ್ನೇ ಅದಕ್ಕೆ ಮುಡಿಪಾಗಿಟ್ಟರು. ನಾಡು ಅವರನ್ನು ಸಪ್ತರ್ಷಿಗಳೆಂದು ಕರೆಯಿತು. ಶಿರಸಂಗಿ ಲಿಂಗರಾಜ ದೇಸಾಯಿ, ಅರಟಾಳ ರುದ್ರಗೌಡರಂಥ ಮಹನೀಯರು ಹಾಕಿಕೊಟ್ಟ ದಾನದ ಪರಂಪರೆ ಇಂಥ ಶಿಕ್ಷಣಕಾರ್ಯಕ್ಕೆ ಬೆನ್ನೆಲುಬಾಯಿತು. ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದವರು.

1933ರಲ್ಲಿ ಬೆಳಗಾವಿಯ ಶಹಾಪುರದಲ್ಲಿ ಆಯುರ್ವೇದ ಮಹಾವಿದ್ಯಾಲಯ ಆರಂಭವಾಯಿತು. ಅದು ಇಂದು ಬಿ. ಎಂ. ಕಂಕಣವಾಡಿ ಅವರ ಹೆಸರಿನಲ್ಲಿ ಇದೇ ಸಂಸ್ಥೆಯ ಆಶ್ರಯದಲ್ಲಿ ನಡೆಯುತ್ತಿದೆ. 1963ರಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಸ್ಥಾಪಿತವಾಯಿತು. 2006ರಲ್ಲಿ ಈ ವಿದ್ಯಾಸಮೂಹಕ್ಕೆ ಸ್ವಾಯತ್ತ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ವಿಜಯಪುರದಲ್ಲಿ 1910ರಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದವರು ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು. ಆ ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯ 1986ರಲ್ಲಿ ಬಂತು. ವಿಶ್ವವಿದ್ಯಾಲಯದ ಮಾನ್ಯತೆ 2008ರಲ್ಲಿ ದೊರೆಯಿತು. ದಕ್ಷಿಣದಲ್ಲಿ ಸುತ್ತೂರು ಮಠದ ಪೂಜ್ಯ ಡಾ. ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1954ರಲ್ಲಿ ಸ್ಥಾಪಿಸಿದ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವು 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು.

ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಕೂಡಿಹಾಕಿ ವಚನವಾಙ್ಮಯವನ್ನು ಬೆಳಕಿಗೆ ತಂದ ವಚನಪಿತಾಮಹರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದುದು ಬೆಳಗಾವಿಯಲ್ಲಿಯೇ. ಬಸವನಾಳರು ಬಸವಣ್ಣನವರ ಷಟ್‌ಸ್ಥಲ ವಚನಗಳನ್ನು ಶಾಸ್ತ್ರೀಯವಾಗಿ ಸಂಪಾದಿಸಿದ ವಿದ್ವಾಂಸರು. ಹೀಗೆ ವಚನಗಳ ಅಂಕಿತವನ್ನು ಪಾಠಾಂತರಗಳ ನಡುವೆ ತಾಳೆನೋಡಿ ಗುರುತಿಸಿದ ಕೈಗಳೇ, ಮುಂದೆ ವೈದ್ಯವಿದ್ಯಾಪೀಠಗಳಾಗಿ ಬೆಳೆದ ಸಂಸ್ಥೆಗಳಿಗೆ ಅಸ್ತಿಭಾರ ಹಾಕಿದವು. ಈ ಸಂಸ್ಥೆಗಳ ಮುದ್ರೆಯನ್ನು ವಚನಗಳ ಬೆಳಕಿನಲ್ಲಿ ಓದುವುದು ಅವುಗಳ ಹುಟ್ಟಿನ ವೃತ್ತಾಂತಕ್ಕೆ ಅನುಗುಣವಾದ ಓದು.

ಬೆಳಗಾವಿಯ ವೈದ್ಯಕೀಯ ಮಹಾವಿದ್ಯಾಲಯದ ಪದವೀಧರರ ಪ್ರಮಾಣಪತ್ರಗಳೇ ಒಂದು ಪಾಠವನ್ನು ಹೇಳುತ್ತವೆ. ಮೊದಲ ತಲೆಮಾರಿನವರ ಪದವಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ ಬಿದ್ದಿತು. 1996ರಲ್ಲಿ ರಾಜೀವಗಾಂಧಿ ಆರೋಗ್ಯವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಬಂದವರಿಗೆ ಅದರ ಮುದ್ರೆ. 2006ರ ಅನಂತರ ಸೇರಿದವರಿಗೆ ಸ್ವಂತ ವಿಶ್ವವಿದ್ಯಾಲಯದ ಮುದ್ರೆ. ಒಂದೇ ಕಾಲೇಜು, ಮೂರು ಮುದ್ರೆ. ಮೂರು ಕಾಲದಲ್ಲಿಯೂ ಬದಲಾಗದೆ ಉಳಿದುದು ಹಾಸಿಗೆಯ ಮೇಲೆ ಮಲಗಿದ ರೋಗಿಯ ನಂಬಿಕೆ ಮಾತ್ರ. ಈ ಮೂರರಲ್ಲಿ ಮೊದಲನೆಯದಾದ ಕರ್ನಾಟಕ ವಿಶ್ವವಿದ್ಯಾಲಯದ ಧ್ಯೇಯವಾಕ್ಯ ‘ಅರಿವೇ ಗುರು’ ಎಂಬುದು. ಶರಣಧರ್ಮದ ಸಾರವನ್ನು ಎರಡು ಕನ್ನಡ ಪದಗಳಲ್ಲಿ ಹೇಳುವ ಈ ಮಾತು ವೈದ್ಯನಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಪದವಿ ದೊರೆತ ದಿನಕ್ಕೆ ಗುರುಗಳ ಪಾಠ ಮುಗಿಯುತ್ತದೆ. ಅರಿವಿನ ಪಾಠ ಅಂದಿನಿಂದ ಮೊದಲಾಗುತ್ತದೆ.

ಕಾಯ, ಕಾಯಕ, ದಾಸೋಹ

ಭಾರತದ ವಿದ್ಯಾಪೀಠಗಳ ಮುದ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಗಗಳು ದೀಪ, ಪುಸ್ತಕ, ಕಮಲ, ವರ್ತುಲ ಮತ್ತು ಧ್ಯೇಯವಾಕ್ಯ. ವೈದ್ಯವಿದ್ಯೆಯದಾದರೆ ದಂಡ-ಸರ್ಪ ಸೇರುತ್ತದೆ. ದೀಪವು ಜ್ಞಾನದ ಸಂಕೇತವೆಂಬುದು ಸರ್ವವಿದಿತ. ಕ್ರಿಮಿಯಾ ಯುದ್ಧದಲ್ಲಿ ಫ್ಲಾರೆನ್ಸ್ ನೈಟಿಂಗೇಲರು ಇರುಳಿನಲ್ಲಿ ಹಿಡಿದು ನಡೆದ ದೀಪದಿಂದ ಅದು ಶುಶ್ರೂಷೆಯ ಸಂಕೇತವೂ ಆಯಿತು. ಪುಸ್ತಕವು ಹಿಂದಿನವರ ಅನುಭವದ ಭಂಡಾರ. ಕಮಲ ಕೆಸರಿನಲ್ಲಿದ್ದೂ ಕೆಸರು ತಾಗದ ಹೂವು. ರೋಗ, ರಕ್ತ, ಮರಣಗಳ ನಡುವೆ ನಿಂತು ನಿರ್ಲಿಪ್ತವಾಗಿ ದುಡಿಯಬೇಕಾದ ವೈದ್ಯನಿಗೆ ಅದು ಸಲ್ಲುವ ಉಪಮಾನ. ವರ್ತುಲಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಅದರ ಪರಿಧಿಯ ಎಲ್ಲ ಬಿಂದುಗಳೂ ಕೇಂದ್ರದಿಂದ ಸಮಾನ ದೂರದಲ್ಲಿರುತ್ತವೆ. ಆಸ್ಪತ್ರೆಯ ಬಾಗಿಲಿಗೆ ಬರುವ ಎಲ್ಲರೂ ಹಾಗೆಯೇ ಸಮಾನರು.

ಈ ಸಾಮಾನ್ಯ ಅರ್ಥಗಳ ಒಳಗೆ ಶರಣಪರಂಪರೆಯು ಮೂರು ವಿಶೇಷಾರ್ಥಗಳನ್ನು ಕಾಣಬಲ್ಲುದು. ಮೊದಲನೆಯದು ಕಾಯದ ಗೌರವ. ಶರಣರು ಶರೀರವನ್ನು ಹೇಯವೆಂದು ತಿರಸ್ಕರಿಸಲಿಲ್ಲ. ಇಷ್ಟಲಿಂಗವನ್ನು ಶರೀರದ ಮೇಲೆಯೇ ಧರಿಸಿ, ಕರಸ್ಥಲದಲ್ಲಿಯೇ ಇಟ್ಟು ಪೂಜಿಸುವ ಧರ್ಮದಲ್ಲಿ ಶರೀರವು ಚಲಿಸುವ ದೇಗುಲ. ದೇಗುಲವೊಂದು ಬಿರುಕು ಬಿಟ್ಟಾಗ ಜೀರ್ಣೋದ್ಧಾರ ಮಾಡುವವನು ಪುಣ್ಯವಂತನಾದರೆ, ಕಾಯದ ಬಿರುಕನ್ನು ಸರಿಪಡಿಸುವ ವೈದ್ಯನದೂ ಪೂಜೆಯೇ. ಬಸವಾದಿ ಪ್ರಮಥರ ಕಾಲದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ ಎಂಬುದು ಅವನ ಅಂಕಿತ. ವಾತ, ಪಿತ್ತ, ಶ್ಲೇಷ್ಮಗಳ ವೈದ್ಯಪರಿಭಾಷೆಯನ್ನೇ ಬಳಸಿ ಭವರೋಗದ ಚಿಕಿತ್ಸೆಯನ್ನು ಹೇಳಿದವನು ಅವನು. ಅವನ ವಚನಗಳಲ್ಲಿ ವೈದ್ಯವೃತ್ತಿ ಮತ್ತು ಅನುಭಾವ ಎರಡಕ್ಕೂ ಒಂದೇ ಮುದ್ರೆ ಬಿದ್ದಿದೆ.

ಎರಡನೆಯದು ಸೂತಕದ ನಿರಾಕರಣೆ. ಜನನಸೂತಕ, ಮರಣಸೂತಕ, ರಜಸ್ಸೂತಕ, ಎಂಜಲಸೂತಕ, ಜಾತಿಸೂತಕ ಎಂಬ ಐದನ್ನೂ ಶರಣರು ಅಲ್ಲಗಳೆದರು. ಇದನ್ನು ಕೇವಲ ಸಾಮಾಜಿಕ ಸುಧಾರಣೆಯ ಮಾತೆಂದು ಓದುವುದು ರೂಢಿ. ವೈದ್ಯಶಾಲೆಯಲ್ಲಿ ನಿಂತು ನೋಡಿದರೆ ಇದರ ಇನ್ನೊಂದು ಅರ್ಥ ತೆರೆದುಕೊಳ್ಳುತ್ತದೆ. ಹೆರಿಗೆಯ ಕೋಣೆ, ಶವಚ್ಛೇದನದ ಮೇಜು, ರಕ್ತ, ಎಂಜಲು, ಯಾವ ಜಾತಿಯವನೆಂದು ಕೇಳದೆ ಮುಟ್ಟಬೇಕಾದ ರೋಗಿಯ ಮೈ: ಐದು ಸೂತಕಗಳೂ ವೈದ್ಯನ ದಿನನಿತ್ಯದ ಕಾರ್ಯಕ್ಷೇತ್ರ. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಶವಚ್ಛೇದನಕ್ಕೆ ಕೈಹಾಕಿದಾಗ ಅದು ದೊಡ್ಡ ಸಾಹಸವೆನಿಸಿತು. ಸಮಾಜದ ಸೂತಕಭಾವನೆಯನ್ನು ಮೀರಬೇಕಾಯಿತು. ಆ ಮೀರುವಿಕೆಗೆ ಬೇಕಾದ ತಾತ್ತ್ವಿಕ ಧೈರ್ಯವನ್ನು ಶರಣರು ಏಳು ಶತಮಾನಗಳ ಹಿಂದೆಯೇ ಕೊಟ್ಟಿದ್ದರು. ಮರಣಾನಂತರ ದೇಹವನ್ನು ವೈದ್ಯವಿದ್ಯಾರ್ಥಿಗಳ ಅಭ್ಯಾಸಕ್ಕೆ ದಾನವಾಗಿ ಕೊಡುವವರು ಇಂದು ಇದೇ ಧೈರ್ಯವನ್ನು ಮುಂದುವರಿಸುತ್ತಿದ್ದಾರೆ.

ಮೂರನೆಯದು ಕಾಯಕ ಮತ್ತು ದಾಸೋಹಗಳ ಜೋಡಿ. ಕಾಯದಿಂದ ಹುಟ್ಟಿದ ಮಾತು ಕಾಯಕ. ದುಡಿದು ಗಳಿಸಿದುದನ್ನು ತಾನೊಬ್ಬನೇ ಉಣ್ಣದೆ ಸಮುದಾಯಕ್ಕೆ ಸಲ್ಲಿಸುವುದು ದಾಸೋಹ. ಕಾಯಕವಿಲ್ಲದ ದಾಸೋಹ ಬರಿಯ ಹಂಚಿಕೆ. ದಾಸೋಹವಿಲ್ಲದ ಕಾಯಕ ಬರಿಯ ಸಂಪಾದನೆ. ಮಠಗಳ ಅನ್ನದಾಸೋಹವನ್ನೂ ಅಕ್ಷರದಾಸೋಹವನ್ನೂ ನಾಡು ಬಲ್ಲುದು. ವೈದ್ಯವಿದ್ಯಾಪೀಠಗಳು ಅದಕ್ಕೆ ಆರೋಗ್ಯದಾಸೋಹವನ್ನು ಸೇರಿಸಿದವು. ವೈದ್ಯಶಿಕ್ಷಣವು ಬಹು ದುಬಾರಿಯಾಗಿರುವ ಈ ಕಾಲದಲ್ಲಿ ಈ ಮೂರನೆಯ ಅರ್ಥವೇ ಅತ್ಯಂತ ಕಠಿನವಾದುದು. ಅಪಾರ ಹಣವನ್ನು ತೆತ್ತು ಪದವಿ ಪಡೆದ ತರುಣನಿಗೆ ದಾಸೋಹದ ಮಾತು ಹಿಡಿಸುವುದು ಸುಲಭವಲ್ಲ. ಅವನ ಓದಿನ ಭಾರವನ್ನು ದಾನಿಗಳು ಹಗುರಮಾಡಿದಷ್ಟೂ ರೋಗಿಯ ಭಾರವನ್ನು ಹಗುರಮಾಡಲು ಅವನ ಕೈ ಮುಂದಾಗುತ್ತದೆ. ಶಿರಸಂಗಿ ಲಿಂಗರಾಜರ ದಾನದ ಒಳಗಣ ತರ್ಕವೂ ಇದೇ ಆಗಿತ್ತು.

ಮುದ್ರೆಯ ಋಣ

ಮುದ್ರೆಯ ಬೆಲೆ ತಿಳಿಯುವುದು ಘಟಿಕೋತ್ಸವದ ಮಂಟಪದಲ್ಲಲ್ಲ. ಮುಂಗಾರಿನಲ್ಲಿ ಭತ್ತದ ಗದ್ದೆಯಲ್ಲಿ ದುಡಿಯುವವನ ಕಾಲಿಗೆ ಹಾವು ಕಚ್ಚಿದ ಗಳಿಗೆಯಲ್ಲಿ ಅದು ತಿಳಿಯುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷವನ್ನು ಅಲ್ಪಾಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸಿ ಔಷಧವನ್ನು ತಯಾರಿಸುತ್ತಾರೆ. ಮುದ್ರೆಯ ಮೇಲಿನ ಸರ್ಪ ಇಲ್ಲಿ ಅಕ್ಷರಶಃ ಸತ್ಯವಾಗುತ್ತದೆ: ವಿಷವೇ ಔಷಧವಾಗುತ್ತದೆ. ಆದರೆ ಪಶ್ಚಿಮಘಟ್ಟದ ಕಾಡುಗಳಲ್ಲಿರುವ, ಮೂಗು ಮೇಲೆತ್ತಿದ ಗುಳಿಮಂಡಲದ ಕಡಿತಕ್ಕೆ ಈ ಔಷಧ ನಾಟುವುದಿಲ್ಲ. ಅರಿವಿನ ಕೆಲಸ ಇನ್ನೂ ಬಾಕಿ ಇದೆ. 2000ದಿಂದ 2019ರವರೆಗಿನ ಲೆಕ್ಕದಂತೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವಿನ ಕಡಿತದಿಂದ ಸತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಗರು. 2024ರಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ವಿಧಿಸಿತು. ಜಾಂಬೋಟಿಯಂಥ ಕಾಡುಸೀಮೆಯಲ್ಲಿ, ಮಳೆಗಾಲದ ದಾರಿಯಲ್ಲಿ, ಔಷಧವಿರುವ ಆಸ್ಪತ್ರೆಯನ್ನು ವೇಳೆಗೆ ಮುಟ್ಟುವುದೇ ಪ್ರಾಣ ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ಅಂತರ.

ಆ ಗಳಿಗೆಯಲ್ಲಿ ರೋಗಿ ಕನ್ನಡ ನುಡಿಯುವವನೋ ಮರಾಠಿ ನುಡಿಯುವವನೋ, ಕೊರಳಲ್ಲಿ ಲಿಂಗವಿದೆಯೋ ಶಿಲುಬೆಯಿದೆಯೋ ತಾಯತವಿದೆಯೋ ಎಂಬ ಪ್ರಶ್ನೆ ಏಳುವುದಿಲ್ಲ. ಏಳಬಾರದು ಎಂಬುದೇ ಮುದ್ರೆಯ ವರ್ತುಲ ಹೇಳುವ ಮಾತು. ಧರ್ಮದ ಹೆಸರಿನಿಂದ ಕಟ್ಟಿದ ಆಸ್ಪತ್ರೆಯಲ್ಲಿ ಬೇರೆ ಧರ್ಮದವನು ಸಂಕೋಚವಿಲ್ಲದೆ ಮಲಗಿ ಗುಣಹೊಂದಿದ ದಿನ ಆ ಧರ್ಮದ ಕುರುಹಿಗೆ ನಿಜವಾದ ಕಳೆ ಬರುತ್ತದೆ. ಜಾತಿಸೂತಕವನ್ನು ಅಲ್ಲಗಳೆದವರ ಹೆಸರಿನ ಸಂಸ್ಥೆಗೆ ಈ ಹೊಣೆ ಇತರರಿಗಿಂತ ಒಂದು ಪಾಲು ಹೆಚ್ಚು.

ಮಠದ ಶಾಲೆಯ ಹಲಗೆಯ ಮೇಲೆ ಅಕ್ಷರ ತಿದ್ದಿದ ಮಕ್ಕಳಲ್ಲಿ ಕೆಲವರು ವೈದ್ಯರಾಗುತ್ತಾರೆ; ಹಲವರು ಶಿಕ್ಷಕರೋ ರೈತರೋ ವ್ಯಾಪಾರಿಗಳೋ ಆಗುತ್ತಾರೆ; ಎಲ್ಲರೂ ಒಂದಲ್ಲ ಒಂದು ದಿನ ರೋಗಿಗಳಾಗುತ್ತಾರೆ. ಆದುದರಿಂದ ವೈದ್ಯವಿದ್ಯಾಪೀಠದ ಮುದ್ರೆ ವೈದ್ಯರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಹಲಸಿಯ ತಾಮ್ರಪಟದಲ್ಲಿ ಅರಸನು ಜೀವ ಉಳಿಸಿದವನಿಗೆ ಋಣ ಸಂದಾಯ ಮಾಡಿದನು. ವೈದ್ಯವಿದ್ಯಾಪೀಠದ ಮುದ್ರೆಯಲ್ಲಿ ಆ ಋಣದ ದಿಕ್ಕು ತಿರುಗಿದೆ: ಇಲ್ಲಿ ಸಂಸ್ಥೆಯೇ, ಇನ್ನೂ ಬಾರದ ರೋಗಿಗೆ, ಮುಂಚಿತವಾಗಿ ಮಾತು ಕೊಟ್ಟಿದೆ. ಗುರುಗಳು ಕಲಿಸಿ, ದಾನಿಗಳು ನೀಡಿ, ಕಲಿತವರು ದುಡಿದು ಆ ಮಾತನ್ನು ನಡೆಸಿಕೊಡಲಿ. ಸಕಲ ಜೀವಾತ್ಮರಿಗೆ ಲೇಸು ಬಯಸಿದ ಶರಣರ ಸಂಕಲ್ಪವು ಈ ಮಲಪ್ರಭೆಯ ನಾಡಿನ ಮನೆಮನೆಗೂ ಆರೋಗ್ಯವಾಗಿ ಹರಿದು ಬರಲಿ.